ಮೆಕ್ಸಿಕೊ ಕೊಟ್ಟ ಕಾಗದ

1939ರ ಮೇ ಕೊನೆಯ ವಾರದಲ್ಲಿ ಫ್ರಾನ್ಸಿನ ದಕ್ಷಿಣ ತೀರದ ಸೆಟ್ ಬಂದರಿನಿಂದ ಸಿನಾಯಾ ಎಂಬ ಹಡಗು ಲಂಗರು ಎತ್ತಿತು. ಅದರಲ್ಲಿದ್ದವರು ಸುಮಾರು 1,600 ಮಂದಿ ಸ್ಪೇನಿನವರು. ಎರಡು ತಿಂಗಳ ಹಿಂದಷ್ಟೇ ಮುಗಿದ ಅಂತರ್ಯುದ್ಧದಲ್ಲಿ ಸೋತ ಪಕ್ಷದವರು, ಅವರ ಹೆಂಡಿರು, ಮಕ್ಕಳು, ಮುದುಕರು. ಹೊರಟದ್ದು ಮೆಕ್ಸಿಕೊಗೆ. ಆ ದೇಶದ ಬಗ್ಗೆ ಅವರಲ್ಲಿ ಹೆಚ್ಚಿನವರಿಗೆ ತಿಳಿದದ್ದು ಅಷ್ಟಕ್ಕಷ್ಟೆ. ಹಾಗಾಗಿ ಹಡಗಿನಲ್ಲೇ ಒಂದು ದಿನಪತ್ರಿಕೆ ಶುರುವಾಯಿತು. ಸೈಕ್ಲೋಸ್ಟೈಲ್ ಮಾಡಿದ ಕೆಲವು ಹಾಳೆಗಳು, ಹೆಸರೂ ಹಡಗಿನದೇ. ಮೆಕ್ಸಿಕೊದ ಬೆಟ್ಟ ನದಿಗಳೆಷ್ಟು, ಅಲ್ಲಿ ಉಳುವವನಿಗೆ ಭೂಮಿ ಹಂಚಿದ್ದು ಹೇಗೆ, ತೈಲ ಕಂಪನಿಗಳನ್ನು ಸರ್ಕಾರ ವಶಪಡಿಸಿಕೊಂಡದ್ದು ಯಾಕೆ ಎಂದೆಲ್ಲ ಅದರಲ್ಲಿ ಬರುತ್ತಿತ್ತು. ದಾರಿಯಲ್ಲೇ ಒಂದು ಹೆಣ್ಣುಮಗು ಹುಟ್ಟಿತು. ಅದಕ್ಕೂ ಹಡಗಿನ ಹೆಸರು ಸೇರಿಸಿಯೇ ನಾಮಕರಣ ಮಾಡಿದರು.

ಜಿಬ್ರಾಲ್ಟರ್ ಜಲಸಂಧಿ ದಾಟುವಾಗ ಎಲ್ಲರೂ ಮೇಲಟ್ಟಕ್ಕೆ ಬಂದು ನಿಂತರು. ಬಲಗಡೆ ಕಾಣುತ್ತಿದ್ದುದು ಸ್ಪೇನಿನ ಕೊನೆಯ ನೆಲ. ಎಂಬತ್ತರ ಹತ್ತಿರವಿದ್ದ ಪತ್ರಕರ್ತ ಆಂತೋನಿಯೊ ಸೊಸಾಯಾ ಅಲ್ಲಿ ನಿಂತು ಎಲ್ಲರ ಪರವಾಗಿ ತಾಯ್ನಾಡಿಗೆ ವಿದಾಯ ಹೇಳಿದರು. ಆ ವಯಸ್ಸಿನ ಮನುಷ್ಯನಿಗೆ ಮತ್ತೆ ಈ ತೀರ ಕಾಣುವ ಆಸೆ ಎಷ್ಟಿದ್ದೀತು!

ಇಷ್ಟು ಜನ ಅಟ್ಲಾಂಟಿಕ್ ದಾಟಿದ್ದು ಬರಿಯ ಕರುಣೆಯಿಂದ ಅಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹಡಗು ಗೊತ್ತುಮಾಡಬೇಕಾಯಿತು, ಬಾಡಿಗೆ ತೆರಬೇಕಾಯಿತು, ಪಟ್ಟಿ ಬರೆಯಬೇಕಾಯಿತು, ಒಂದೊಂದು ಹೆಸರಿನ ಮುಂದೆಯೂ ಸಹಿ ಠಸ್ಸೆ ಬೀಳಬೇಕಾಯಿತು. ನಿರಾಶ್ರಿತನ ಪ್ರಾಣ ಎಷ್ಟೋ ಸಲ ಒಂದು ಕಾಗದದ ಮೇಲೆ ನಿಂತಿರುತ್ತದೆ. ಆ ಕಾಗದ ಕೊಡಲು ಒಂದು ಸರ್ಕಾರ ಬೇಕು. ಯುರೋಪಿನ ದೊಡ್ಡ ದೊಡ್ಡ ಸರ್ಕಾರಗಳು ಕೈಕಟ್ಟಿ ಕುಳಿತಾಗ, ಸ್ಪೇನಿನದೇ ವಸಾಹತಾಗಿ 300 ವರ್ಷ ನರಳಿದ್ದ ಬಡ ದೇಶವೊಂದು ಅದನ್ನು ಕೊಟ್ಟಿತು.

1936ರ ಜುಲೈನಲ್ಲಿ ಸ್ಪೇನಿನ ಸೇನಾಧಿಕಾರಿಗಳು ಚುನಾಯಿತ ಗಣರಾಜ್ಯದ ವಿರುದ್ಧ ದಂಗೆ ಎದ್ದರು. ಕೆಲವೇ ತಿಂಗಳಲ್ಲಿ ಜನರಲ್ ಫ್ರಾಂಕೊ ಅವರ ನಾಯಕನಾದ. ಹಿಟ್ಲರ್ ಮತ್ತು ಮುಸೊಲಿನಿ ವಿಮಾನ, ಸೈನಿಕರು, ಫಿರಂಗಿ ಕಳಿಸಿದರು. ಬ್ರಿಟನ್ ಮತ್ತು ಫ್ರಾನ್ಸ್ ತಾವು ಮಧ್ಯೆ ಬರುವುದಿಲ್ಲ ಎಂಬ ಒಪ್ಪಂದವೊಂದನ್ನು ಮಾಡಿಕೊಂಡು, ಗಣರಾಜ್ಯಕ್ಕೆ ಆಯುಧ ಮಾರುವುದನ್ನೂ ನಿಲ್ಲಿಸಿದವು. ಅದೇ ಒಪ್ಪಂದಕ್ಕೆ ಜರ್ಮನಿ, ಇಟಲಿಗಳೂ ಸಹಿ ಹಾಕಿದ್ದವು, ಮುರಿಯುವುದಕ್ಕೇ ಹಾಕಿದ್ದವು. ಬಹಿರಂಗವಾಗಿ ಗಣರಾಜ್ಯದ ಬೆನ್ನಿಗೆ ನಿಂತ ಸರ್ಕಾರಗಳು ಎರಡೇ. ಒಂದು ಸೋವಿಯತ್ ಒಕ್ಕೂಟ, ಇನ್ನೊಂದು ಮೆಕ್ಸಿಕೊ. ಆ ವರ್ಷವೇ ಮೆಕ್ಸಿಕೊದಿಂದ 20,000 ಬಂದೂಕು, 2 ಕೋಟಿ ತೋಟೆ ಹೊತ್ತ ಹಡಗು ಸ್ಪೇನ್ ತಲುಪಿತು.

ಮೆಕ್ಸಿಕೊದ ಅಧ್ಯಕ್ಷರಾಗಿದ್ದವರು ಲಾಸಾರೊ ಕಾರ್ಡೆನಾಸ್. ಮಿಚೋಕಾನ್ ಪ್ರಾಂತ್ಯದ ಸಣ್ಣ ಊರೊಂದರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಕ್ರಾಂತಿಯ ಸೈನ್ಯ ಸೇರಿ, ಜನರಲ್ ಆಗಿ ಮೇಲೆ ಬಂದ ಮಿತಭಾಷಿ. ರೈತರಿಗೆ ಭೂಮಿ ಹಂಚುವ ಕೆಲಸವನ್ನು ಅವರಷ್ಟು ದೊಡ್ಡ ಪ್ರಮಾಣದಲ್ಲಿ ಅದುವರೆಗಿನ ಯಾವ ಅಧ್ಯಕ್ಷರೂ ಮಾಡಿರಲಿಲ್ಲ. 1938ರ ಮಾರ್ಚ್ 18ರಂದು ವಿದೇಶಿ ತೈಲ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿದವರೂ ಅವರೇ. ಸ್ಪೇನಿನ ಜಗಳವನ್ನು ಅವರು ದೂರದ ಯಾರದೋ ಜಗಳವೆಂದು ಕಾಣಲಿಲ್ಲ. ಜಮೀನ್ದಾರರು, ಚರ್ಚು, ಸೇನಾಧಿಕಾರಿಗಳು ಒಂದು ಕಡೆ, ಉಳುವವರು ದುಡಿಯುವವರು ಮತ್ತೊಂದು ಕಡೆ. ಇದು ಮೆಕ್ಸಿಕೊ ತಾನೇ ಕಂಡುಂಡ ಕಥೆಯಾಗಿತ್ತು. ನಮ್ಮವರಲ್ಲೂ ಈ ಯುದ್ಧ ತಮ್ಮದೂ ಹೌದೆಂದು ಬಗೆದವರಿದ್ದರು. 1938ರ ಜೂನ್‌ನಲ್ಲಿ ನೆಹರೂ ಬಾಂಬುಗಳ ನಡುವೆಯೇ ಬಾರ್ಸಿಲೋನಾಕ್ಕೆ ಹೋಗಿ ಕೆಲವು ದಿನ ಇದ್ದು ಬಂದರು. ಆದರೆ ಆಗ ನಮಗೆ ನಮ್ಮದೆನ್ನುವ ಸರ್ಕಾರ ಇರಲಿಲ್ಲ. ಮೆಕ್ಸಿಕೊಗೆ ಇತ್ತು.

ಮೊದಲು ಬಂದವರು ಮಕ್ಕಳು. 1937ರ ಮೇ ಕೊನೆಯಲ್ಲಿ ಬೋರ್ಡೊ ಬಂದರಿನಿಂದ ಮೆಕ್ಸಿಕ್ ಎಂಬ ಹಡಗಿನಲ್ಲಿ 456 ಮಕ್ಕಳು ಹೊರಟರು. ಬಾಂಬು ಬೀಳುತ್ತಿದ್ದ ಊರುಗಳಿಂದ ತಂದೆತಾಯಿಯರೇ ಅವರನ್ನು ಕಳಿಸಿದ್ದರು. ಕೆಲವು ತಿಂಗಳ ಮಾತು, ಯುದ್ಧ ಮುಗಿದ ಮೇಲೆ ಕರೆಸಿಕೊಳ್ಳುತ್ತೇವೆ ಎಂಬ ನಂಬಿಕೆಯಲ್ಲಿ. ಜೂನ್ 7ರಂದು ವೆರಾಕ್ರೂಜ್ ಬಂದರಿನಲ್ಲಿ ಇಳಿದ ಈ ಮಕ್ಕಳನ್ನು ಜನಸಾಗರವೇ ಎದುರುಗೊಂಡಿತು. ಅವರಿಗೆ ನೆಲೆ ಕಲ್ಪಿಸಿದ್ದು ಕಾರ್ಡೆನಾಸರ ಸ್ವಂತ ಪ್ರಾಂತ್ಯದ ರಾಜಧಾನಿ ಮೊರೆಲಿಯಾದಲ್ಲಿ. ಹಿಂದೆ ಪಾದ್ರಿಗಳ ಕೈಯಲ್ಲಿದ್ದ ಕಟ್ಟಡಗಳನ್ನು ಸರ್ಕಾರ ವಸತಿಶಾಲೆ ಮಾಡಿತು. ಅಧ್ಯಕ್ಷರ ಪತ್ನಿ ಅಮಾಲಿಯಾ ಸೊಲೊರ್ಸಾನೊ ಮುಂದೆ ನಿಂತು ಈ ಮಕ್ಕಳ ನೆರವಿನ ಸಮಿತಿ ನಡೆಸಿದರು.

ಈ ಅಧ್ಯಾಯವನ್ನು ಹೂವಿನ ಹಾರ ಹಾಕಿ ಮುಗಿಸಿಬಿಡುವುದು ಸುಲಭ. ಆದರೆ ಹಾಗೆ ಮಾಡಿದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. ವಸತಿಶಾಲೆಯಲ್ಲಿ ಶಿಸ್ತು ಗಡುಸಾಗಿತ್ತು, ಊಟ ಒಗ್ಗಲಿಲ್ಲ, ನೋಡಿಕೊಳ್ಳುವವರು ಪದೇ ಪದೇ ಬದಲಾದರು. ಚರ್ಚನ್ನು ಶತ್ರುವೆಂದೇ ಕಂಡು ಬೆಳೆದ ಮಕ್ಕಳು ಮೊರೆಲಿಯಾದಂಥ ಭಕ್ತರ ಊರಿನಲ್ಲಿ ಚರ್ಚಿನ ಕಡೆ ಕಲ್ಲು ಬೀರಿದರು. ಊರವರಲ್ಲಿ ಅನೇಕರು ಇವರನ್ನು ನಾಸ್ತಿಕರ ಮರಿಗಳೆಂದು ದೂರವಿಟ್ಟರು. ಕೆಲವರು ಶಾಲೆ ಬಿಟ್ಟು ಓಡಿಹೋದರು. ಎರಡು ವರ್ಷದಲ್ಲಿ ಸ್ಪೇನಿನ ಯುದ್ಧ ಮುಗಿದಾಗ ಕರೆಸಿಕೊಳ್ಳಬೇಕಾದ ತಂದೆ ಸೆರೆಮನೆಯಲ್ಲೋ, ಗೋರಿಯಲ್ಲೋ, ಗಡಿಯಾಚೆಯ ಶಿಬಿರದಲ್ಲೋ ಇದ್ದ. ಮಕ್ಕಳಲ್ಲಿ ಬಹುಪಾಲು ಮೆಕ್ಸಿಕೊದಲ್ಲೇ ಉಳಿಯಿತು.

1939ರ ಜನವರಿ 26ರಂದು ಬಾರ್ಸಿಲೋನಾ ಬಿತ್ತು. ಆಮೇಲಿನ ಎರಡು ಮೂರು ವಾರಗಳಲ್ಲಿ ಸುಮಾರು 5 ಲಕ್ಷ ಜನ ಪಿರೆನೀಸ್ ಬೆಟ್ಟಸಾಲು ದಾಟಿ ಫ್ರಾನ್ಸಿಗೆ ನುಗ್ಗಿದರು. ಹಿಮ, ಮಳೆ, ಮೇಲಿನಿಂದ ವಿಮಾನಗಳ ಗುಂಡು. ಹಾಸಿಗೆ, ಹೊಲಿಗೆ ಯಂತ್ರ, ಆಡಿನ ಮರಿ, ಸತ್ತ ಕೂಸು, ಏನೇನನ್ನೋ ಹೊತ್ತು ನಡೆದರು. ಫ್ರಾನ್ಸ್ ಮೊದಲು ಹೆಂಗಸರು ಮಕ್ಕಳನ್ನು ಬಿಟ್ಟುಕೊಂಡಿತು, ಫೆಬ್ರವರಿ 5ರಿಂದ ಸೈನಿಕರನ್ನೂ ಆಯುಧ ಕಸಿದುಕೊಂಡು ಒಳಗೆ ಬಿಟ್ಟಿತು. ಕೂಡಿಹಾಕಿದ್ದು ಆರ್ಜೆಲೆಸ್, ಸೇಂಟ್ ಸಿಪ್ರಿಯನ್, ಬಾರ್ಕಾರೆಸ್ ಕಡಲತೀರಗಳಲ್ಲಿ. ಶಿಬಿರ ಎಂದರೆ ಮೊದಮೊದಲು ಮರಳು ಮತ್ತು ಮುಳ್ಳುತಂತಿ, ಅಷ್ಟೇ. ಸೂರಿಲ್ಲ. ಮರಳಿನಲ್ಲಿ ಗುಂಡಿ ತೋಡಿ ಅದರಲ್ಲಿ ಮಲಗಿದರು. ಕುಡಿಯುವ ನೀರಿಗೆ ಮರಳಿಗೇ ಪಂಪು ಇಳಿಸಿದರು, ಮಲವಿಸರ್ಜನೆಗೂ ಅದೇ ಮರಳು. ಭೇದಿ ಹಬ್ಬಿ ಜನ ಸತ್ತರು. ಸ್ಪೇನಿನ ಮಹಾಕವಿ ಆಂತೋನಿಯೊ ಮಚಾದೊ ಗಡಿ ದಾಟಿದ ಕೆಲವೇ ವಾರಗಳಲ್ಲಿ, ಫೆಬ್ರವರಿ 22ರಂದು, ಅಲ್ಲೇ ಹತ್ತಿರದ ಕೊಲಿಯೂರ್ ಎಂಬ ಮೀನುಗಾರರ ಊರಿನಲ್ಲಿ ತೀರಿಕೊಂಡರು.

ರಾಷ್ಟ್ರಸಂಘದಲ್ಲಿ ಮೆಕ್ಸಿಕೊದ ಪ್ರತಿನಿಧಿಯಾಗಿದ್ದ ಇಸಿದ್ರೊ ಫಾಬೆಲಾ ಈ ಶಿಬಿರಗಳಿಗೆ ಖುದ್ದಾಗಿ ಹೋದರು. ಕಂಡದ್ದನ್ನು ಆ ಫೆಬ್ರವರಿಯಲ್ಲೇ ಕಾರ್ಡೆನಾಸರಿಗೆ ದೀರ್ಘ ಪತ್ರದಲ್ಲಿ ಬರೆದರು. ಪ್ಯಾರಿಸಿನಲ್ಲಿದ್ದ ಮೆಕ್ಸಿಕೊದ ರಾಯಭಾರಿ ನಾರ್ಸಿಸೊ ಬಾಸ್ಸೋಲ್ಸ್ ಜನರನ್ನು ಸಾಗಿಸುವ ಏರ್ಪಾಡಿಗೆ ಇಳಿದರು. ಇಲ್ಲಿಂದ ಕಥೆ ಲೆಕ್ಕಪತ್ರಕ್ಕೆ ಬರುತ್ತದೆ. ಮೆಕ್ಸಿಕೊ ಬಾಗಿಲು ತೆರೆಯಲು ಸಿದ್ಧವಿತ್ತು, ಆದರೆ ಅಷ್ಟು ಜನರ ಪ್ರಯಾಣಕ್ಕೂ ನೆಲೆಗೊಳಿಸುವುದಕ್ಕೂ ಅದರ ಖಜಾನೆಯಲ್ಲಿ ಹಣವಿರಲಿಲ್ಲ. ಆ ಖರ್ಚನ್ನು ಸ್ಪೇನಿನವರೇ ಹೊರಬೇಕು ಎಂಬ ಕರಾರಾಯಿತು. ಗಣರಾಜ್ಯದ ಕೊನೆಯ ಪ್ರಧಾನಿ ಹ್ವಾನ್ ನೆಗ್ರಿನ್ ಹೊರದೇಶದಲ್ಲಿ ಉಳಿಸಿಟ್ಟಿದ್ದ ಹಣದಿಂದ ನಿರಾಶ್ರಿತರ ಸಾಗಣೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಹಡಗಿನ ಬಾಡಿಗೆ ಅದರದು, ವೀಸಾ ಮೆಕ್ಸಿಕೊದ್ದು.

ಯಾರು ಹೋಗಬೇಕು? ಮೆಕ್ಸಿಕೊ ತನಗೆ ಬೇಕಾದವರ ಲೆಕ್ಕ ಹೇಳಿತ್ತು: ನೂರಕ್ಕೆ 60 ಮಂದಿ ಬೇಸಾಯಗಾರರು, 30 ಮಂದಿ ಕುಶಲಕರ್ಮಿಗಳು ಮತ್ತು ತಂತ್ರಜ್ಞರು, ಹತ್ತೇ ಮಂದಿ ಓದುಬರಹದವರು. ಹಡಗು ಹತ್ತಿದವರ ಲೆಕ್ಕ ಹೀಗಿರಲಿಲ್ಲ. ಮೇಷ್ಟ್ರುಗಳು, ವಕೀಲರು, ವೈದ್ಯರು, ಪತ್ರಕರ್ತರು ಈ ಪಾಲಿಗಿಂತ ಎಷ್ಟೋ ಹೆಚ್ಚು ಬಂದರು. ಪಟ್ಟಿ ಬರೆಯುವಲ್ಲಿ ಪಕ್ಷಪಾತವಾಯಿತು, ಕಮ್ಯುನಿಸ್ಟರಿಗೆ ಮಣೆ ಹಾಕಿ ಅರಾಜಕವಾದಿಗಳನ್ನು ತಳ್ಳಿದರು ಎಂಬ ದೂರು ಆಗಲೇ ಎದ್ದಿತು, ಇಂದಿಗೂ ಆರಿಲ್ಲ. ಸೋತವರ ಒಳಜಗಳ ಸೋಲಿನ ಜೊತೆಗೇ ಗಡಿ ದಾಟಿ ಬಂದಿತ್ತು. ನೆಗ್ರಿನ್‌ರ ಎದುರಾಳಿ ಇಂದಲೇಸಿಯೊ ಪ್ರಿಯೆತೊ ಇನ್ನೊಂದು ನೆರವು ಮಂಡಳಿ ಕಟ್ಟಿದರು. ಅದರ ಬಂಡವಾಳ, ಗಣರಾಜ್ಯದ ಚಿನ್ನ ಆಭರಣಗಳನ್ನು ತುಂಬಿ ವಿತಾ ಎಂಬ ವಿಹಾರನೌಕೆಯಲ್ಲಿ ಮೆಕ್ಸಿಕೊದ ತಾಂಪಿಕೊ ಬಂದರಿಗೆ ತಂದಿಳಿಸಿದ್ದ ನಿಧಿ. ಮರಳಿನಲ್ಲಿ ಮಲಗಿದ್ದವರ ಪಾಲಿನ ಹಣಕ್ಕಾಗಿ ಇಬ್ಬರು ನಾಯಕರು ಕಾದಾಡಿದ್ದನ್ನು ಓದುವಾಗ ಸಂಕಟವಾಗುತ್ತದೆ.

ಜೂನ್ 13ರಂದು ಸಿನಾಯಾ ವೆರಾಕ್ರೂಜ್ ಸೇರಿತು. ಕಾರ್ಮಿಕ ಸಂಘಗಳು ಬಾವುಟ ಹಿಡಿದು ಬಂದರಿಗೆ ಬಂದಿದ್ದವು. ನೆರೆದವರು 20,000 ಮಂದಿ ಎಂದು ಅಂದಾಜು. ಗೃಹಮಂತ್ರಿ ಇಗ್ನಾಸಿಯೊ ಗಾರ್ಸಿಯಾ ತೆಲ್ಯೆಸ್ ಸರ್ಕಾರದ ಪರವಾಗಿ ಬರಮಾಡಿಕೊಂಡರು. ಜುಲೈ 7ರಂದು ಇಪನೇಮಾ ಹಡಗಿನಲ್ಲಿ ಸುಮಾರು 1,000 ಜನ ಬಂದರು. ತಿಂಗಳ ಕೊನೆಗೆ ಮಕ್ಕಳನ್ನು ತಂದಿದ್ದ ಅದೇ ಮೆಕ್ಸಿಕ್ ಮತ್ತೆ ಬಂತು, ಈ ಸಲ 2,000ಕ್ಕೂ ಹೆಚ್ಚು ಜನರನ್ನು ಹೊತ್ತು. ಎಲ್ಲರೂ ಕೈಬೀಸಲಿಲ್ಲ. ಮೆಕ್ಸಿಕೊದಲ್ಲಿ ಮೊದಲೇ ನೆಲೆಸಿದ್ದ ಸ್ಪೇನಿನ ವ್ಯಾಪಾರಸ್ಥರಲ್ಲಿ ಹೆಚ್ಚಿನವರು ಫ್ರಾಂಕೊ ಕಡೆಯವರು. ಬಲಪಂಥೀಯ ಪತ್ರಿಕೆಗಳು ಕೆಂಪರ ದಂಡು ಬಂತೆಂದು ಬೊಬ್ಬೆ ಹಾಕಿದವು. ನಮಗೇ ಕೆಲಸವಿಲ್ಲ, ಇವರಿಗೆಲ್ಲಿಂದ ಎಂದು ಕೇಳಿದ ಬಡವರೂ ಇದ್ದರು. ಅವರ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ.

ಅದೇ ವೆರಾಕ್ರೂಜ್ ಬಂದರಿನ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಏಪ್ರಿಲ್‌ನಲ್ಲಿ ಫ್ಲಾಂದ್ರ್ ಎಂಬ ಫ್ರೆಂಚ್ ಹಡಗು ಸುಮಾರು 300 ಸ್ಪ್ಯಾನಿಷ್ ನಿರಾಶ್ರಿತರನ್ನು ತಂದು ಇಲ್ಲಿ ಇಳಿಸಿತ್ತು. ಮುಂದಿನ ಪ್ರಯಾಣದಲ್ಲಿ ಫ್ಲಾಂದ್ರ್ ಹೊತ್ತು ತಂದದ್ದು ಹಿಟ್ಲರನಿಂದ ತಪ್ಪಿಸಿಕೊಂಡಿದ್ದ ನೂರರಷ್ಟು ಯಹೂದಿಗಳನ್ನು. ಕ್ಯೂಬಾ ಇಳಿಸಿಕೊಳ್ಳಲಿಲ್ಲ. ಮೆಕ್ಸಿಕೊ ಕೂಡ ಇಳಿಸಿಕೊಳ್ಳಲಿಲ್ಲ. ಹಡಗು ಅವರನ್ನು ಯುರೋಪಿಗೇ ವಾಪಸು ಒಯ್ದಿತು. ಸಿನಾಯಾಕ್ಕೆ ಬ್ಯಾಂಡು ಬಾರಿಸಿದ್ದು ಇದಾದ ಕೆಲವೇ ದಿನಗಳ ಮೇಲೆ. ಸ್ಪೇನಿನವರು ಸಿದ್ಧಾಂತದಲ್ಲಿ ನೆಂಟರು, ಭಾಷೆಯಲ್ಲಿ ಒಡಹುಟ್ಟಿದವರು, ಸರ್ಕಾರ ಅವರನ್ನು ತಾನಾಗಿ ಕರೆದಿತ್ತು. ಯಹೂದಿಗಳನ್ನು ಯಾರೂ ಕರೆದಿರಲಿಲ್ಲ. ಕಾರ್ಡೆನಾಸರನ್ನು ಮೆಚ್ಚುವ ನಾನು ಈ ಎರಡು ಹಡಗುಗಳನ್ನು ಒಟ್ಟಿಗೇ ನೆನೆಯುತ್ತೇನೆ.

ಸೆಪ್ಟೆಂಬರಿನಲ್ಲಿ ಮಹಾಯುದ್ಧ ಶುರುವಾಯಿತು, ಸಮುದ್ರದ ದಾರಿ ಇಕ್ಕಟ್ಟಾಯಿತು. 1940ರ ಜೂನ್ 14ರಂದು ಜರ್ಮನರು ಪ್ಯಾರಿಸ್ ಹೊಕ್ಕರು. ಫ್ರಾನ್ಸಿನಲ್ಲಿ ಇನ್ನೂ ಲಕ್ಷಾಂತರ ಸ್ಪೇನಿನವರಿದ್ದರು. ಫ್ರಾಂಕೊ ಅವರನ್ನು ಹೆಸರು ಹಿಡಿದು ಕೇಳುತ್ತಿದ್ದ. ಕ್ಯಾಟಲೋನಿಯಾದ ಅಧ್ಯಕ್ಷರಾಗಿದ್ದ ಲ್ಯೂಯಿಸ್ ಕಂಪಾನ್ಯ್ಸ್ ಅವರನ್ನು ಜರ್ಮನ್ ಪೊಲೀಸರು ಹಿಡಿದು ಒಪ್ಪಿಸಿದರು. ಅಕ್ಟೋಬರ್ 15ರಂದು ಬಾರ್ಸಿಲೋನಾದ ಕೋಟೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಪ್ಯಾರಿಸ್ ಬಿದ್ದ ಕೆಲವೇ ವಾರಗಳಲ್ಲಿ ಕಾರ್ಡೆನಾಸ್ ತಮ್ಮ ರಾಯಭಾರಿ ಲೂಯಿಸ್ ರೊಡ್ರಿಗೇಸ್‌ಗೆ ತಂತಿ ಕಳಿಸಿದರು. ಫ್ರಾನ್ಸಿನಲ್ಲಿರುವ ಸ್ಪೇನಿನ ನಿರಾಶ್ರಿತರನ್ನು, ಗಂಡು ಹೆಣ್ಣು ಎನ್ನದೆ, ಎಷ್ಟೇ ಜನರಿರಲಿ, ಮೆಕ್ಸಿಕೊ ಬರಮಾಡಿಕೊಳ್ಳಲು ಸಿದ್ಧವಿದೆ ಎಂದು ಅಲ್ಲಿನ ಸರ್ಕಾರಕ್ಕೆ ತುರ್ತಾಗಿ ತಿಳಿಸಿ ಎಂಬುದು ಅದರ ಸಾರ. ಜುಲೈ 8ರಂದು ವಿಶಿ ಪಟ್ಟಣದಲ್ಲಿ ರೊಡ್ರಿಗೇಸ್, ಅಲ್ಲಿಂದ ಸೋತ ಫ್ರಾನ್ಸಿನ ಸರ್ಕಾರ ನಡೆಸುತ್ತಿದ್ದ ಮಾರ್ಷಲ್ ಪೆತಾಂ ಎದುರು ಕುಳಿತರು. ಯಾರಿಗೂ ಬೇಡವಾದ ಇಂಥವರಿಗಾಗಿ ಇಷ್ಟೇಕೆ ಪಾಡು ಪಡುತ್ತೀರಿ ಎಂಬುದು ಮುದಿ ಮಾರ್ಷಲನ ಧಾಟಿ. ರೊಡ್ರಿಗೇಸ್ ಹಿಡಿದ ಹಟ ಬಿಡಲಿಲ್ಲ. ಆಗಸ್ಟ್ 22ರಂದು ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಯಿತು. ಮೆಕ್ಸಿಕೊಗೆ ಹೋಗಲು ಒಪ್ಪಿದ ಸ್ಪೇನಿನವರು ಹಡಗು ಹತ್ತುವ ತನಕ ಮೆಕ್ಸಿಕೊದ ರಕ್ಷಣೆಯಲ್ಲಿ ಇರುತ್ತಾರೆ. ದೇಶವೇ ಇಲ್ಲದಾಗಿದ್ದವರಿಗೆ ಇನ್ನೊಂದು ದೇಶ ತನ್ನ ಹೆಸರನ್ನು ಎರವಲು ಕೊಟ್ಟಂತೆ.

ಆ ಸಹಿಗೆ ಎರಡು ದಿನ ಮುಂಚೆ, ಆಗಸ್ಟ್ 20ರಂದು, ಜರ್ಮನರ ವಶದಲ್ಲಿದ್ದ ಆಂಗುಲೇಮ್ ಊರಿನಿಂದ 927 ಸ್ಪೇನಿನವರನ್ನು ತುಂಬಿಕೊಂಡು ಒಂದು ರೈಲು ಹೊರಟಿತ್ತು. ವಿಶಿಯಲ್ಲಿ ಶಾಯಿ ಒಣಗುತ್ತಿದ್ದಾಗ ಅದು ಇನ್ನೂ ದಾರಿಯಲ್ಲಿತ್ತು. 24ರಂದು ಆಸ್ಟ್ರಿಯಾದ ಮೌಟ್‌ಹೌಸೆನ್ ನಾತ್ಸಿ ಶಿಬಿರದ ಬಳಿ ನಿಂತಿತು. ಗಂಡಸರನ್ನೂ ಹದಿಮೂರು ದಾಟಿದ ಹುಡುಗರನ್ನೂ ಇಳಿಸಿಕೊಂಡು, ತಾಯಂದಿರನ್ನೂ ಚಿಕ್ಕವರನ್ನೂ ಫ್ರಾಂಕೊನ ಸ್ಪೇನಿಗೆ ಹಿಂದಕ್ಕೆ ಕಳಿಸಿದರು. ಆ ಶಿಬಿರಕ್ಕೆ ಮುಂದೆ 7,000ಕ್ಕೂ ಹೆಚ್ಚು ಸ್ಪೇನಿನವರು ಹೋದರು, ಹೆಚ್ಚಿನವರು ತಿರುಗಿ ಬರಲಿಲ್ಲ. ಒಪ್ಪಂದದ ಕೈ ಅಲ್ಲಿಗೆ ಎಟುಕಲಿಲ್ಲ.

ಎಟುಕಿದ ಕಡೆ ಏನಾಯಿತೆಂಬುದಕ್ಕೆ ಮೊಂತೊಬಾಂ ಊರಿನ ಒಂದು ಹೋಟೆಲು ಸಾಕ್ಷಿ. ಗಣರಾಜ್ಯದ ಅಧ್ಯಕ್ಷರಾಗಿದ್ದ ಮ್ಯಾನುಯೆಲ್ ಅಸಾನ್ಯಾ ಹೃದ್ರೋಗದಿಂದ ಕೃಶರಾಗಿ ಅಲ್ಲಿದ್ದರು. ಅವರ ಭಾವಮೈದುನನನ್ನು ಜರ್ಮನರು ಹಿಡಿದೊಯ್ದಾಗಿತ್ತು, ಅವರನ್ನೂ ಅಪಹರಿಸಲು ಫ್ರಾಂಕೊನ ಜನ ಹೊಂಚುತ್ತಿದ್ದರು. ರೊಡ್ರಿಗೇಸ್ ಹೋಟೆಲಿನ ಕೋಣೆಗಳನ್ನು ಮೆಕ್ಸಿಕೊದ ರಾಯಭಾರ ಕಚೇರಿಯ ಹೆಸರಿನಲ್ಲಿ ಬಾಡಿಗೆಗೆ ಹಿಡಿದು ಅವರನ್ನು ಅಲ್ಲಿರಿಸಿದರು. ನವೆಂಬರ್ 3ರಂದು ಅಸಾನ್ಯಾ ತೀರಿಕೊಂಡರು. ಶವಪೆಟ್ಟಿಗೆಗೆ ಗಣರಾಜ್ಯದ ಧ್ವಜ ಹೊದಿಸಲು ಸ್ಥಳೀಯ ಅಧಿಕಾರಿ ಬಿಡಲಿಲ್ಲ, ಬೇಕಿದ್ದರೆ ಫ್ರಾಂಕೊನ ಧ್ವಜ ಹೊದಿಸಿ ಎಂದ. ರೊಡ್ರಿಗೇಸ್ ಮೆಕ್ಸಿಕೊದ ಧ್ವಜ ತಂದು ಹೊದಿಸಿದರು. ಹಸಿರು ಬಿಳಿ ಕೆಂಪಿನ ಆ ಬಟ್ಟೆಯಡಿಯಲ್ಲಿ ಸ್ಪೇನಿನ ಅಧ್ಯಕ್ಷರ ಅಂತಿಮಯಾತ್ರೆ ನಡೆಯಿತು.

ಇನ್ನು ಮಾರ್ಸೇಲ್ಸ್. ಸಾವರ್ಕರ್ ಹಡಗಿನ ಕಿಂಡಿಯಿಂದ ಸಮುದ್ರಕ್ಕೆ ಹಾರಿದ ಕಥೆಯಿಂದ ನಮಗೆ ಪರಿಚಿತವಾದ ಬಂದರು. ಪ್ಯಾರಿಸ್ ಬಿದ್ದ ಮೇಲೆ ಮೆಕ್ಸಿಕೊದ ಕಾನ್ಸುಲ್ ಜನರಲ್ ಹಿಲ್ಬೆರ್ತೊ ಬೋಸ್ಕೆಸ್ ಕಚೇರಿಯನ್ನು ಅಲ್ಲಿಗೆ ಸಾಗಿಸಿದರು. ಪುಎಬ್ಲಾ ಪ್ರಾಂತ್ಯದ ಈ ಮನುಷ್ಯ ಮೂಲತಃ ಮೇಷ್ಟ್ರು, ಆಮೇಲೆ ಪತ್ರಕರ್ತ, ಶಾಸಕ. ಕಚೇರಿಯ ಮುಂದೆ ಬೆಳಗಾಗುವ ಮೊದಲೇ ಸಾಲು ನಿಲ್ಲುತ್ತಿತ್ತು. ಸ್ಪೇನಿನವರು ಮಾತ್ರವಲ್ಲ, ಹಿಟ್ಲರನಿಂದ ಓಡಿಬಂದ ಜರ್ಮನರು, ಆಸ್ಟ್ರಿಯನ್ನರು, ಯಹೂದಿಗಳೂ ಇದ್ದರು. ಕಾದಂಬರಿಗಾರ್ತಿ ಆನ್ನಾ ಸೇಗರ್ಸ್‌ಗೆ ವೀಸಾ ಸಿಕ್ಕಿದ್ದು ಈ ಕಚೇರಿಯಿಂದಲೇ. ಹಡಗು ಸಿಗಲಿ ಬಿಡಲಿ, ಈತನನ್ನು ಮೆಕ್ಸಿಕೊ ಒಪ್ಪಿಕೊಂಡಿದೆ ಎಂಬ ಬರಹ ಜೇಬಿನಲ್ಲಿದ್ದರೆ ಬೀದಿಯಲ್ಲಿ ಪೊಲೀಸ್ ಹಿಡಿದಾಗ ಬಿಡುಗಡೆಗೆ ಒಂದು ಆಧಾರವಾಗುತ್ತಿತ್ತು.

ಹಡಗು ಮಾತ್ರ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಲ್ಲಿಯವರೆಗೆ ಇಷ್ಟು ಜನ ಎಲ್ಲಿರಬೇಕು, ಏನು ತಿನ್ನಬೇಕು? ಬೋಸ್ಕೆಸ್ ಮಾರ್ಸೇಲ್ಸ್ ಹೊರವಲಯದ ಎರಡು ಹಳೆಯ ಬಂಗಲೆಗಳನ್ನು ಬಾಡಿಗೆಗೆ ಹಿಡಿದರು. ರೆನಾರ್ದ್ ಬಂಗಲೆ ಗಂಡಸರಿಗೆ, ಮೊಂಗ್ರಾಂ ಹೆಂಗಸರಿಗೂ ಮಕ್ಕಳಿಗೂ. ಎರಡರಲ್ಲೂ ಸೇರಿ ಸಾವಿರಕ್ಕೂ ಹೆಚ್ಚು ಜನ. ಸುತ್ತಲಿನ ನೆಲದಲ್ಲಿ ತರಕಾರಿ ಬೆಳೆದರು, ಕಾರ್ಯಾಗಾರ ನಡೆಸಿದರು, ಮಕ್ಕಳಿಗೆ ಪಾಠ ಹೇಳಿದರು, ನಾಟಕ ಆಡಿದರು, ವಾದ್ಯಮೇಳ ಕಟ್ಟಿದರು. ಮರಳುಗುಂಡಿಯಲ್ಲಿ ಮಲಗಿದ್ದವರು ಮತ್ತೆ ಮನುಷ್ಯರಂತೆ ಕುಳಿತು ಉಂಡರು. ಮೇಷ್ಟ್ರಾಗಿದ್ದವರಿಗೆ ಮಾತ್ರ ಹೊಳೆಯುವ ಆಡಳಿತ ಇದು ಎಂದು ನನಗೆ ಅನ್ನಿಸುತ್ತದೆ.

ವಿಶಿ ಸರ್ಕಾರ ಕೊಟ್ಟ ಮಾತನ್ನು ಇಷ್ಟಿಷ್ಟೇ ಮುರಿಯುತ್ತ ಬಂತು. ದುಡಿಯುವ ವಯಸ್ಸಿನ ಗಂಡಸರಿಗೆ ಹೊರಹೋಗುವ ಪರವಾನಗಿ ಕೊಡದೆ, ಅವರನ್ನು ಕಡ್ಡಾಯ ದುಡಿಮೆಯ ತಂಡಗಳಿಗೆ ಸೇರಿಸಿತು. ಆದರೂ ಹಡಗುಗಳು ಹೋದವು. ಕೆಲವರು ಕಾಸಾಬ್ಲಾಂಕಾದಿಂದ, ಪೋರ್ಚುಗಲ್ಲಿನ ಸೆರ್ಪಾ ಪಿಂಟೊ, ನ್ಯಾಸಾ ಹಡಗುಗಳಲ್ಲಿ ವೆರಾಕ್ರೂಜ್ ಮುಟ್ಟಿದರು. ಆ ವೇಳೆಗೆ ಕಾರ್ಡೆನಾಸ್ ಅಧಿಕಾರ ಬಿಟ್ಟಾಗಿತ್ತು. ನಂತರ ಬಂದ ಆವಿಲಾ ಕಮಾಚೊ ಅವರಿಗಿಂತ ಬಲಕ್ಕೆ ವಾಲಿದವರು, ಆದರೂ ಬಾಗಿಲು ಮುಚ್ಚಲಿಲ್ಲ.

1942ರ ನವೆಂಬರಿನಲ್ಲಿ ಮೆಕ್ಸಿಕೊ ವಿಶಿ ಜೊತೆ ಸಂಬಂಧ ಕಡಿದುಕೊಂಡಿತು. ಅದರ ಬೆನ್ನಿಗೇ ಜರ್ಮನರು ದಕ್ಷಿಣ ಫ್ರಾನ್ಸನ್ನೂ ಆಕ್ರಮಿಸಿದರು. ಬೋಸ್ಕೆಸ್, ಅವರ ಪತ್ನಿ, ಮೂವರು ಮಕ್ಕಳು, ಸಿಬ್ಬಂದಿ ಸೇರಿ 43 ಮಂದಿಯನ್ನು ಸೆರೆಹಿಡಿದು ಜರ್ಮನಿಯ ಬಾಡ್ ಗೋಡೆಸ್‌ಬೆರ್ಗ್‌ನ ಡ್ರೇಸೆನ್ ಹೋಟೆಲಿನಲ್ಲಿಟ್ಟರು. 1938ರಲ್ಲಿ ಬ್ರಿಟನ್ನಿನ ಪ್ರಧಾನಿ ಚೇಂಬರ್ಲಿನ್ ಜೆಕೊಸ್ಲೊವಾಕಿಯಾದ ಹಣೆಬರಹ ಮಾತಾಡಲು ಹಿಟ್ಲರನನ್ನು ಕಂಡ ಹೋಟೆಲದು. ಒಂದು ವರ್ಷಕ್ಕೂ ಮೀರಿ ಅಲ್ಲಿದ್ದು, ಜರ್ಮನ್ ಸೆರೆಯಾಳುಗಳ ವಿನಿಮಯದಲ್ಲಿ ಬಿಡುಗಡೆಯಾಗಿ, 1944ರ ಏಪ್ರಿಲ್‌ನಲ್ಲಿ ಅವರು ಮೆಕ್ಸಿಕೊ ನಗರದ ರೈಲು ನಿಲ್ದಾಣದಲ್ಲಿ ಇಳಿದರು. ಸಾವಿರಾರು ಜನ ಕಾದಿದ್ದರು. ಅವರು ಸಹಿ ಹಾಕಿ ಕಳಿಸಿದ್ದವರೇ ಅವರನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದರು. ಬೋಸ್ಕೆಸ್ 102 ವರ್ಷ ಬಾಳಿ 1995ರಲ್ಲಿ ತೀರಿಕೊಂಡರು.

ಹೀಗೆ ಮೆಕ್ಸಿಕೊ ಸೇರಿದವರು ಒಟ್ಟು 20,000ದ ಆಸುಪಾಸು. 5 ಲಕ್ಷದ ಮುಂದೆ ಇದು ದೊಡ್ಡ ಸಂಖ್ಯೆಯಲ್ಲ. ಆದರೆ ಬೇಸಾಯಗಾರರ ಬದಲು ಹೆಚ್ಚಾಗಿ ಬಂದುಬಿಟ್ಟ ಆ ಓದುಬರಹದವರು ಮೆಕ್ಸಿಕೊಗೆ ಹೊರೆಯಾಗಲಿಲ್ಲ. ಅಂಥ ವಿದ್ವಾಂಸರಿಗಾಗಿ 1938ರಲ್ಲಿ ಸರ್ಕಾರ ತೆರೆದಿದ್ದ ಕಾಸಾ ದೆ ಎಸ್ಪಾನ್ಯಾ ಎಂಬ ಮನೆ ಎರಡು ವರ್ಷದಲ್ಲಿ ಕೊಲೆಹಿಯೊ ದೆ ಮೆಹಿಕೊ ಆಗಿ, ಲ್ಯಾಟಿನ್ ಅಮೆರಿಕದ ಹೆಸರಾಂತ ವಿದ್ಯಾಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. ವಿಶ್ವವಿದ್ಯಾಲಯ, ಮುದ್ರಣಾಲಯ, ಆಸ್ಪತ್ರೆ, ಶಾಲೆ, ಎಲ್ಲೆಲ್ಲೂ ಅವರಿದ್ದರು. ಪೆಟ್ಟಿಗೆ ಮಾತ್ರ ಬಿಚ್ಚಲಿಲ್ಲ. ಪ್ರತಿ ಹೊಸ ವರ್ಷದ ರಾತ್ರಿ, ಮುಂದಿನ ವರ್ಷ ಸ್ಪೇನಿನಲ್ಲಿ ಎಂದು ಲೋಟ ಎತ್ತುತ್ತಿದ್ದರು. ಮಹಾಯುದ್ಧದಲ್ಲಿ ಹಿಟ್ಲರ್ ಸೋತ, ಮುಸೊಲಿನಿ ಸತ್ತ, ಫ್ರಾಂಕೊ ಅಲುಗಾಡಲಿಲ್ಲ.

ಅಮೆರಿಕ, ಬ್ರಿಟನ್, ವಿಶ್ವಸಂಸ್ಥೆ ಎಲ್ಲವೂ ಕಾಲಕ್ರಮದಲ್ಲಿ ಫ್ರಾಂಕೊ ಜೊತೆ ರಾಜಿಯಾದವು. ಮೆಕ್ಸಿಕೊ ಆಗಲಿಲ್ಲ. ಗಡಿಪಾರಾಗಿದ್ದ ಗಣರಾಜ್ಯವನ್ನೇ ಸ್ಪೇನ್ ಎಂದು ಗುರುತಿಸುತ್ತ ಬಂತು. ಫ್ರಾಂಕೊ 1975ರ ನವೆಂಬರಿನಲ್ಲಿ ಸತ್ತ. 1977ರ ಮಾರ್ಚ್ 28ರಂದು ಮೆಕ್ಸಿಕೊ ಮತ್ತು ಮ್ಯಾಡ್ರಿಡ್ ನಡುವೆ ಮತ್ತೆ ರಾಯಭಾರ ಸಂಬಂಧ ಶುರುವಾಯಿತು. ಮೊರೆಲಿಯಾದ ಮಕ್ಕಳು ಆ ವೇಳೆಗೆ ಐವತ್ತರ ಆಸುಪಾಸಿನವರು, ಹಲವರು ಅಜ್ಜ ಅಜ್ಜಿಯರು. ಕೆಲವು ತಿಂಗಳು ಎಂದು ಹೇಳಿ ಕಳಿಸಿದ್ದ ಪ್ರಯಾಣಕ್ಕೆ ಆ ಜೂನ್‌ಗೆ 40 ವರ್ಷ ತುಂಬಿತು.